ಕೈ ಬಿಟ್ಟಿದ್ದಕ್ಕೆ

ನಮ್ಮಣ್ಣನಿಗೆ ಮಾತನ್ನು ಪೂರ್ತಿಯಾಗಿ ಆಡಿ ಅಭ್ಯಾಸವಿಲ್ಲ. ವೈರಿಂಗ್ ಕೆಲಸದವನು, ದಿನವಿಡೀ ಏಣಿಯ ಮೇಲೆ ನಿಂತು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡಬೇಕು, ಅದಕ್ಕೇ ಹಾಗೆ ಎಂದು ಅಮ್ಮ ವಹಿಸಿಕೊಂಡು ಬರುತ್ತಾಳೆ. ಬಾಯಲ್ಲಿ ಸ್ಕ್ರೂ ಇಲ್ಲದಾಗಲೂ ಅವನು ಅಷ್ಟೇ. ‘ಮಿಕ್ಸಿ ಸ್ವಿಚ್ಚು’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾನೆ. ಅದನ್ನು ಹಾಕಬೇಕೋ, ಹಾಕಬಾರದೋ, ಮುಟ್ಟಿದರೆ ಹೊಡೆಯುತ್ತದೋ ಎಂದು ನಾವು ಕೂತು ತಲೆ ಕೆಡಿಸಿಕೊಳ್ಳಬೇಕು. ಇಂಥವನ ಕೈಗೆ ಮಗುವನ್ನು ಕೊಟ್ಟು ಡಾಕ್ಟರ ಹತ್ತಿರ ಕಳಿಸಿದ ಮನೆ ನಮ್ಮದು.

ಮನೆ ಅಂದರೆ ದೊಡ್ಡದೇನಲ್ಲ. ರಸ್ತೆ ಕಡೆಯ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಅದರ ಸುತ್ತ ಸ್ಕೂಲ್ ಯೂನಿಫಾರ್ಮಿನ ರಾಶಿ. ಅದರ ಹಿಂದೆ ಅಡುಗೆಮನೆ, ಎರಡು ಮಲಗುವ ಕೋಣೆ, ಆಮೇಲೆ ಹಿತ್ತಲು. ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಒಂದೇ ಒಂದು ಹಸು. ಕರೆಯಲು ಕೂತವರನ್ನು ಕಾಯಿಸಿ ಕಾಯಿಸಿ, ತನಗೆ ಮನಸ್ಸು ಬಂದಾಗಲೇ ಹಾಲು ಬಿಡುವ ಅದರ ದೌಲತ್ತು ನೋಡಿ ಅಣ್ಣ ಅದಕ್ಕೆ ಮೇಡಂ ಎಂದು ಹೆಸರಿಟ್ಟಿದ್ದ. ಅವನು ಪೂರ್ತಿಯಾಗಿ ಆಡಿದ ಕೆಲವೇ ಮಾತುಗಳಲ್ಲಿ ಅದೊಂದು. ಅಪ್ಪ ಎರಡು ಹೊತ್ತೂ ಮೇಡಂನ ಹಾಲು ಕರೆದು ಗೇಟಿನಲ್ಲೇ ನಿಂತು ಬೀದಿಯವರಿಗೆ ಅಳೆದು ಕೊಡುತ್ತಿದ್ದ. ಅವನ ಪಾಲಿಗೆ ಲೋಕದಲ್ಲಿ ಇದ್ದದ್ದು ಎರಡೇ ಜೀವ. ಒಂದು ಮೇಡಂ, ಇನ್ನೊಂದು ಅಣ್ಣನ ಮಗಳು ಚೋಟು. ಉಳಿದ ನಾವೆಲ್ಲ ಆ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ.

ಚೋಟುಗೆ ಮೂರು ತುಂಬುತ್ತಾ ಬಂದಿತ್ತು. ಬೆಳಿಗ್ಗೆ ಎದ್ದ ಕೂಡಲೇ ತಾತನ ತೋಳು ಹತ್ತಿ ಕೊಟ್ಟಿಗೆಗೆ ಹೋಗಿ ಮೇಡಂಗೆ ಗುಡ್ ಮಾರ್ನಿಂಗ್ ಹೇಳಿಯೇ ಅವಳು ಹಲ್ಲುಜ್ಜುತ್ತಿದ್ದದ್ದು. ಅವಳ ಅಮ್ಮ, ಅಂದರೆ ನಮ್ಮತ್ತಿಗೆ, ಬೇಕರಿಯ ಕೌಂಟರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನದವರೆಗೆ ಚೋಟು ಶಿಶುವಿಹಾರದಲ್ಲಿ, ಆಮೇಲೆ ನಮ್ಮಮ್ಮನ ಸುಪರ್ದಿಯಲ್ಲಿ. ಪಕ್ಕದ ಮನೆಯ ಬಡಗಿಯ ಮಗನನ್ನೂ ಅಮ್ಮನೇ ನೋಡಿಕೊಳ್ಳುತ್ತಿದ್ದಳು. ಎರಡೂ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಒಂದೇ ತಟ್ಟೆಯಲ್ಲಿ ಅನ್ನ ಕಲಸಿ, ಒಂದು ತುತ್ತು ಇವಳಿಗೆ, ಒಂದು ತುತ್ತು ಅವನಿಗೆ. ಹಾಗೆ ಪೈಪೋಟಿಯ ಮೇಲೆ ಬಿಟ್ಟರೇ ಮಕ್ಕಳು ಹೊಟ್ಟೆ ತುಂಬಾ ತಿನ್ನುವುದು ಎಂದು ಅಮ್ಮನ ವಾದ.

ಒಂದು ದಿನ ಚೋಟು ಗುಡ್ ಮಾರ್ನಿಂಗ್ ಹೇಳಲಿಲ್ಲ. ಮೈ ಬೆಚ್ಚಗಿತ್ತು. ಬ್ರೆಡ್ಡು ಕೊಟ್ಟರೆ ಬಾಯಿಗಿಟ್ಟು ಉಗುಳಿದಳು. ಬಾಯಿ ಮುಚ್ಚದ ಹುಡುಗಿ ಬಾಯಿ ಬಿಡಲಿಲ್ಲ. ಬರೀ ಜೊಲ್ಲು ಸುರಿಸುತ್ತಾ ಕೂತಳು, ಅಂಗಿಯ ಕುತ್ತಿಗೆಯೆಲ್ಲ ತೊಯ್ದು ತೊಪ್ಪೆ.

ಅಮ್ಮ ದವಡೆ ಹಲ್ಲು ಬರುತ್ತಿದೆ ಎಂದಳು. ಅಪ್ಪ ಉಷ್ಣ ಎಂದ. ಅಣ್ಣ ‘ಸೊಳ್ಳೆ’ ಎಂದು ಹೇಳಿ ಏಣಿ ಹೆಗಲಿಗೇರಿಸಿಕೊಂಡು ಹೋದ. ಮಾರನೆಯ ದಿನ ಅವಳ ಕಾಲು ತೊಳೆಸುವಾಗ ನಾನು ನೋಡಿದೆ, ಅಂಗಾಲಿನ ತುಂಬಾ ಕೆಂಪು ಚುಕ್ಕೆ, ಕೆಲವು ನೀರು ತುಂಬಿದ ಪುಟ್ಟ ಗುಳ್ಳೆ. ಕುಂಡೆಯ ಮೇಲೂ ಒಂದಿಷ್ಟು. ಅಂಗೈಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು. ಸೊಳ್ಳೆ ಕಚ್ಚಿದ್ದರೆ ಕೆರೆದುಕೊಳ್ಳಬೇಕಿತ್ತು, ಇವಳು ಕೆರೆದುಕೊಳ್ಳಲೇ ಇಲ್ಲ. ಅಲ್ಲದೆ ಯಾವ ಸೊಳ್ಳೆ ಹೊಟ್ಟೆ ಬೆನ್ನು ಬಿಟ್ಟು ಅಂಗಾಲನ್ನೇ ಹುಡುಕಿಕೊಂಡು ಹೋಗಿ ಕಚ್ಚುತ್ತದೆ? ನಾನು ಹಾಗೆ ಕೇಳಿದ್ದಕ್ಕೆ ಅಮ್ಮ, ಮದುವೆಯಾಗಿ ಎರಡು ಹೆತ್ತವಳ ಹಾಗೆ ಮಾತಾಡಬೇಡ, ಹೊಲಿಗೆ ನೋಡಿಕೋ ಎಂದಳು.

ಅತ್ತಿಗೆಗೆ ರಜೆ ಸಿಗಲಿಲ್ಲ. ಅಮ್ಮನ ಮಡಿಲಲ್ಲಿ ಬಡಗಿಯ ಮಗ. ನನ್ನ ಯೂನಿಫಾರ್ಮುಗಳಿಗೆ ಸ್ಕೂಲಿನವರು ಬಾಗಿಲಲ್ಲೇ ನಿಂತಿದ್ದರು. ಅಣ್ಣ ಚೋಟುವನ್ನು ಸ್ಕೂಟರಿನ ಮೇಲೆ ನಿಲ್ಲಿಸಿಕೊಂಡು ಕ್ಲಿನಿಕ್ಕಿಗೆ ಹೋದ.

ಅವನು ವಾಪಸ್ಸು ಬರುವ ಹೊತ್ತಿಗೆ ಸರಿಯಾಗಿ ಸಂಜೆಯ ಹಾಲಿನ ಸಮಯ. ಗೇಟಿನಲ್ಲಿ ಬೀದಿಯ ಅರ್ಧ ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು. ನಾನು ಕಿಟಕಿಯಿಂದಲೇ ಡಾಕ್ಟರು ಏನಂದರು ಎಂದು ಕೇಳಿದೆ. ಅಣ್ಣ ಸ್ಕೂಟರ್ ಆಫ್ ಮಾಡಿದ. ಆಫ್ ಮಾಡದೆ ಹೇಳಿದ್ದರೆ ಯಾರಿಗೂ ಕೇಳಿಸುತ್ತಲಾದರೂ ಇರಲಿಲ್ಲ.

“ಕಾಲುಬಾಯಿ ರೋಗ ಅಂತೆ.”

ಅಪ್ಪನ ಕೈಯಲ್ಲಿದ್ದ ಅಳತೆಯ ಲೋಟ ಹಾಗೇ ನಿಂತಿತು. ಬಡಗಿಯ ಹೆಂಡತಿ ಮುಂದೆ ಚಾಚಿದ್ದ ಪಾತ್ರೆಯನ್ನು ಹಿಂದಕ್ಕೆಳೆದುಕೊಂಡು, ಇವತ್ತು ಮನೆಯಲ್ಲಿ ಹಾಲು ಉಳಿದಿದೆ, ಮರೆತೇ ಬಂದೆ ಎಂದಳು. ಮರೆವು ಅಂಟುರೋಗದ ಹಾಗೆ ಹಬ್ಬಿತು. ಒಬ್ಬೊಬ್ಬರಿಗೂ ಮನೆಯಲ್ಲಿ ಹಾಲು ಉಳಿದಿರುವುದು ನೆನಪಾಯಿತು. ಗೇಟು ಖಾಲಿಯಾಯಿತು.

ಕಾಲುಬಾಯಿ ಎಂದರೆ ದನಗಳಿಗೆ ಬರುವ ಜ್ವರ. ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಹುಣ್ಣು, ಹಗ್ಗದ ಹಾಗೆ ಜೊಲ್ಲು. ಅಪ್ಪ ಹುಡುಗನಾಗಿದ್ದಾಗ ಅವರ ಮನೆಯ ಕೊಟ್ಟಿಗೆಯನ್ನು ಇದು ಗುಡಿಸಿ ಹಾಕಿತ್ತಂತೆ. ಆ ಹೆಸರು ಕೇಳಿದರೆ ಸಾಕು, ಅವನ ಮುಖ ಸುಣ್ಣ ಬಳಿದ ಹಾಗಾಗುತ್ತದೆ.

ಅಮ್ಮ ಒಳಗಿನಿಂದ ಬಂದವಳು ನೇರವಾಗಿ ಅಪ್ಪನ ಮೇಲೆ ಬಿದ್ದಳು. ಆ ಹಸು ಮನೆಯಲ್ಲಿ ಬೇಡ ಬೇಡ ಎಂದು ಬಡಕೊಂಡೆ, ಸಗಣಿ ಬಳಿದು ನನ್ನ ಸೊಂಟ ಬಿದ್ದುಹೋಯಿತು, ಈಗ ನೋಡಿ, ಮಗುವಿಗೇ ಅಂಟಿಸಿಬಿಟ್ಟಿತು ಎಂದು ಶುರುಮಾಡಿದಳು. ಅಪ್ಪ ಅದಕ್ಕೆ ಉತ್ತರ ಕೊಡುವ ಗೋಜಿಗೇ ಹೋಗದೆ ಕೊಟ್ಟಿಗೆಗೆ ಓಡಿದ. ಮೇಡಂನ ದವಡೆ ಹಿಡಿದು ಬಾಯಿ ತೆರೆಸಿ ನಾಲಿಗೆ ನೋಡಿದ, ನಾಲ್ಕು ಗೊರಸನ್ನೂ ಎತ್ತಿ ನೋಡಿದ. ಬಂದು ಕೈ ತೊಳೆದುಕೊಂಡು ಹೇಳಿದ, “ಅದಕ್ಕೆ ಏನೂ ಇಲ್ಲ. ಮಗುವಿಂದ ಅದಕ್ಕೆ ಬರದಿದ್ರೆ ಸಾಕು.”

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹಸುವಿನಿಂದ ಮಗುವಿಗೆ ಬಂತು ಎಂದು ಒಬ್ಬಳು, ಮಗುವಿನಿಂದ ಹಸುವಿಗೆ ಬರುತ್ತದೆ ಎಂದು ಇನ್ನೊಬ್ಬ. ದನದ ರೋಗ ಮನುಷ್ಯರಿಗೆ ಹೇಗೆ ಬರುತ್ತದೆ ಎಂದು ಕೇಳಿದೆ. ಬರದೇ ಇದ್ದರೆ ಡಾಕ್ಟರು ಯಾಕೆ ಹೇಳುತ್ತಾರೆ ಎಂದು ಇಬ್ಬರೂ ಒಟ್ಟಿಗೆ ನನ್ನ ಮೇಲೆ ತಿರುಗಿದರು. ಅವರಿಬ್ಬರೂ ಯಾವುದಕ್ಕಾದರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. ಅಣ್ಣನನ್ನು ಕೇಳಿದರೆ ‘ಡಾಕ್ಟ್ರೇ ಅಂದ್ರು’ ಎಂದು ಜ್ವರದ ಸಿರಪ್ಪನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದ.

ಮಾರನೆಯ ಬೆಳಿಗ್ಗೆಯಿಂದ ಮನೆ ಎರಡು ದೇಶವಾಯಿತು. ಅಪ್ಪ ಹಿತ್ತಿಲ ಬಾಗಿಲಿಗೆ ಅಡ್ಡವಾಗಿ ಹಗ್ಗ ಕಟ್ಟಿದ. ಚೋಟುವಿನ ಬಟ್ಟೆ ಹಿತ್ತಿಲ ತಂತಿಯ ಮೇಲೆ ಒಣಗಬಾರದು ಎಂದ. ಅವು ನನ್ನ ಯಂತ್ರದ ಮೇಲೆ, ಬಿಳಿ ಯೂನಿಫಾರ್ಮುಗಳ ಪಕ್ಕದಲ್ಲಿ ಒಣಗಿದವು. ಅಮ್ಮ ಮೇಡಂನ ಹಾಲು ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದಳು. ಕೊಳ್ಳುವವರಿಲ್ಲ, ಕುಡಿಯುವವರಿಲ್ಲ. ಹಸುವಿಗೇನು ಗೊತ್ತು, ಅದು ಕೊಡುತ್ತಲೇ ಇತ್ತು. ಅಪ್ಪ ಹಾಲನ್ನೆಲ್ಲ ಹಿತ್ತಿಲ ಒಲೆಯಲ್ಲೇ ಕಾಯಿಸಿ ಹೆಪ್ಪು ಹಾಕಿದ. ಬಕೆಟ್ಟು ಬಿಟ್ಟು ಮನೆಯ ಎಲ್ಲ ಪಾತ್ರೆಯಲ್ಲೂ ಮೊಸರು. ನನಗೆ ಚಹಾಕ್ಕೆ ಪಾತ್ರೆ ಇರಲಿಲ್ಲ.

ಇವೆಲ್ಲ ಹೇಗೋ ಸಹಿಸಬಹುದಿತ್ತು. ಚೋಟು ಎದ್ದು ಬಂದು ಹಗ್ಗದ ಹತ್ತಿರ ನಿಂತಳು. ತಾತ ಎಂದು ಕರೆಯಲು ಬಾಯಿ ನೋವು, ಸುಮ್ಮನೆ ಎರಡು ಕೈ ಮೇಲೆತ್ತಿದಳು. ಎತ್ತಿಕೊಳ್ಳಲಿ ಎಂದು. ಅಪ್ಪ ಒಂದು ಹೆಜ್ಜೆ ಹಿಂದಕ್ಕೆ ಹೋದ.

“ಮುಟ್ಬೇಡ ಪುಟ್ಟಾ. ಒಳಗೆ ಹೋಗು. ಮೇಡಂಗೆ ಬರುತ್ತೆ.”

ಅವಳಿಗೆ ಅರ್ಥವಾಗಲಿಲ್ಲ. ಕೈ ಹಾಗೇ ಎತ್ತಿಕೊಂಡು ನಿಂತಳು. ಅಪ್ಪ ಇನ್ನೊಂದು ಹೆಜ್ಜೆ ಹಿಂದೆ ಹೋದ. ಅವಳು ಅತ್ತಳು, ಅತ್ತರೆ ಬಾಯಿ ಉರಿಯುತ್ತಿತ್ತು, ಅದಕ್ಕೆ ಇನ್ನೂ ಅತ್ತಳು. ಬೇಕರಿಗೆ ಹೊರಟು ನಿಂತಿದ್ದ ಅತ್ತಿಗೆ ಇದನ್ನೆಲ್ಲ ಕಂಡಳು. ಅವಳು ಸಾಮಾನ್ಯವಾಗಿ ಮಾವನ ಎದುರು ದನಿ ಎತ್ತುವವಳಲ್ಲ. ಆವತ್ತೂ ಎತ್ತಲಿಲ್ಲ.

“ಮಾವ, ನಿಮಗೆ ಹಸುವಿನ ಚಿಂತೆ, ಇರಲಿ. ಆದ್ರೆ ಒಂದು ಹೇಳ್ತೀನಿ. ಹೀಗೆ ದೂರ ಇಟ್ರೆ ಇವಳು ಮತ್ತೆ ನಿಮ್ಮ ಹತ್ರ ಬರಲ್ಲ. ಆಮೇಲೆ ನೀವು ಕರೆದ್ರೂ ಬರಲ್ಲ.”

ಮಕ್ಕಳು ಅಷ್ಟೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ ಎಂದ ಅಪ್ಪ. ಅವನಿಗೇನು ಸಂಕಟವಾಗಲಿಲ್ಲ ಎಂದು ನಾನು ಹೇಳುವುದಿಲ್ಲ, ಆಗಿತ್ತು. ಆದರೆ ಮೊಂಡುತನ ಸಂಕಟಕ್ಕಿಂತ ಒಂದು ಕೈ ಮೇಲೆ. ದಿನಾ ಅದೇ ನಡೆಯಿತು. ಚೋಟು ಹಗ್ಗದವರೆಗೆ ಬರುವುದು, ಅಪ್ಪ ಹಿಂದೆ ಸರಿಯುವುದು, ಮೇಡಂಗೆ ಬರುತ್ತೆ ಎನ್ನುವುದು.

ಈ ಹಸುವಿನ ರಾಮಾಯಣದ ನಡುವೆ ಮಗು ಏನೂ ಕುಡಿಯುತ್ತಿಲ್ಲ ಎನ್ನುವುದು ಯಾರ ತಲೆಗೂ ಹೋಗಲಿಲ್ಲ. ಅಮ್ಮ ಬಿಸಿಬಿಸಿ ಗಂಜಿಗೆ ಉಪ್ಪು ಹಾಕಿ ಕುಡಿಸಲು ನೋಡಿದಳು, ಚೋಟು ಕಿರುಚಿದಳು. ಬಾಯಿಗೆ ರುಚಿ ಬರಲಿ ಎಂದು ನಿಂಬೆಹಣ್ಣಿನ ಪಾನಕ ಕೊಟ್ಟಳು, ಬಟ್ಟಲು ಹಾರಿ ನನ್ನ ಯೂನಿಫಾರ್ಮಿನ ಮೇಲೆ ಬಿತ್ತು. ಹಠಮಾರಿ, ಅವಳಮ್ಮನ ಹಾಗೆಯೇ ಎಂದು ಅಮ್ಮ ಗೊಣಗಿದಳು. ಪ್ಯಾಕೆಟ್ಟಿನ ಹಾಲು ತಂದು ಕಾಯಿಸಿ ಕೊಟ್ಟರೆ ಅದನ್ನೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಅವಳ ಚಡ್ಡಿ ಬದಲಾಯಿಸಲು ಹೋದೆ, ಬೆಳಿಗ್ಗೆ ಹಾಕಿದ್ದು ಒಣಗಿದ ಹಾಗೇ ಇತ್ತು. ತುಟಿ ಬಿರಿದಿತ್ತು. ತೊಡೆಯ ಮೇಲೆ ಹಾಕಿಕೊಂಡರೆ ಹಸಿಬಟ್ಟೆಯ ಹಾಗೆ ಜೋಲುಬಿದ್ದಳು. ಬೇಕರಿಗೆ ಫೋನು ಹಚ್ಚಿದೆ. ಅತ್ತಿಗೆ ಏಪ್ರನ್ನಿನಲ್ಲೇ ಓಡಿ ಬಂದಳು. ಇಬ್ಬರೂ ಆಟೋದಲ್ಲಿ ಕ್ಲಿನಿಕ್ಕಿಗೆ ಹೋದೆವು.

ಡಾಕ್ಟರಮ್ಮ ಟಾರ್ಚು ಬಿಟ್ಟು ಬಾಯೊಳಗೆ ತೋರಿಸಿದರು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ, ಗಂಟಲ ಹತ್ತಿರ, ಬಿಳಿ ಹುಣ್ಣು, ಸುತ್ತ ಕೆಂಪು. ಇದನ್ನಿಟ್ಟುಕೊಂಡು ಯಾರಾದರೂ ಬಿಸಿ ಗಂಜಿ ಕುಡಿಯುತ್ತಾರಾ, ನಿಂಬೆರಸ ಕುಡಿಯುತ್ತಾರಾ ಎಂದು ಬೈದರು. ತಣ್ಣಗಿನದು ಏನಾದರೂ ಸರಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕೊಡಿ, ಹಾಲು, ಮೊಸರು, ಐಸ್‌ಕ್ರೀಮ್ ಆದರೂ ಪರವಾಗಿಲ್ಲ ಎಂದರು. ಅಲ್ಲೇ ಕೂರಿಸಿ ಉಪ್ಪು ಸಕ್ಕರೆಯ ನೀರನ್ನು ತಣ್ಣಗೆ ಮಾಡಿ ಗುಟುಕು ಗುಟುಕಾಗಿ ಕುಡಿಸಿದರು. ಉಚ್ಚೆ ಹೊಯ್ಯುವವರೆಗೂ ನಮ್ಮನ್ನು ಬಿಡಲಿಲ್ಲ. ಚೋಟು ಕೊನೆಗೂ ಹೊಯ್ದಾಗ ಅತ್ತಿಗೆ ಅಳಲು ಶುರುಮಾಡಿದಳು, ನಾನು ನಗಲು ಶುರುಮಾಡಿದೆ.

ಗುರುತು ಹಿಡಿಯುವುದು ಹೇಗೆ ಎಂದೂ ಅವರು ಹೇಳಿಕೊಟ್ಟರು. ಮೊದಲು ಜ್ವರ, ಊಟ ಬೇಡ ಅನ್ನುವುದು, ಜೊಲ್ಲು. ಆಮೇಲೆ ಬಾಯಲ್ಲಿ ಹುಣ್ಣು, ಅಂಗೈ ಅಂಗಾಲಿನಲ್ಲಿ ಚುಕ್ಕೆ. ಚಿಕ್ಕ ಮಕ್ಕಳಿಗೆ ಬರುವುದೇ ಹೆಚ್ಚು, ಶಿಶುವಿಹಾರದಲ್ಲಿ ಒಂದಕ್ಕೆ ಬಂದರೆ ಸಾಲಾಗಿ ಬರುತ್ತದೆ. ಜೊಲ್ಲು, ಸಿಂಬಳ, ಕಕ್ಕಸು, ಗುಳ್ಳೆಯ ನೀರು, ಇವುಗಳಿಂದ ಹರಡುತ್ತದೆ. ವಾರ ಹತ್ತು ದಿನಕ್ಕೆ ತಾನಾಗಿಯೇ ಹೋಗುತ್ತದೆ. ಮತ್ತೆ ಉಚ್ಚೆ ನಿಂತರೆ, ತೀರಾ ಮಂಕಾದರೆ, ನಿದ್ದೆಯಲ್ಲಿ ಬೆಚ್ಚಿ ಬೆಚ್ಚಿ ಬಿದ್ದರೆ, ಜ್ವರ ಬಿಡದಿದ್ದರೆ ಕೂಡಲೇ ತನ್ನಿ ಎಂದರು. ಹಸುವಿನಿಂದ ಬಂದಿದೆಯಾ ಎಂದು ಅತ್ತಿಗೆ ಕೇಳಿದಳು. ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿ, ಅದು ಬೇರೆ ಇದು ಬೇರೆ, ಒಂದಕ್ಕೊಂದು ಸಂಬಂಧವೇ ಇಲ್ಲ ಎಂದರು.

ನಾವು ಗೆದ್ದು ಬಂದವರ ಹಾಗೆ ಮನೆಗೆ ಬಂದು ಹೇಳಿದೆವು. ಆ ಡಾಕ್ಟರಮ್ಮ ಯಾವತ್ತಾದರೂ ಹಸುವಿನ ಬಾಯಿ ತೆಗೆದು ನೋಡಿದ್ದಾಳಾ ಎಂದು ಅಪ್ಪ ಕೇಳಿದ. ಅವಳಿಗೆ ಮಕ್ಕಳಿದ್ದಾವಾ ಎಂದು ಅಮ್ಮ ಕೇಳಿದಳು. ಹಗ್ಗ ಇದ್ದಲ್ಲೇ ಇತ್ತು.

ಅತ್ತಿಗೆ ಯಾರನ್ನೂ ಕೇಳಲಿಲ್ಲ. ಹಗ್ಗ ದಾಟಿ ಹೋಗಿ, ಮೊಸರಿನ ಪಾತ್ರೆಯೊಂದನ್ನು ಎತ್ತಿಕೊಂಡು ಬಂದು, ಸಕ್ಕರೆ ಹಾಕಿ ಕಡೆದು ಫ್ರಿಜ್ಜಿನಲ್ಲಿಟ್ಟಳು. ತಣ್ಣಗಾದ ಮೇಲೆ ಚಮಚದಲ್ಲಿ ಕೊಟ್ಟರೆ ಚೋಟು ಬಾಯಿ ಮುಂದೆ ತಂದಳು. ಬಟ್ಟಲು ಖಾಲಿಯಾಯಿತು. ಅಮ್ಮ ಅಡುಗೆಮನೆಯ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಅತ್ತಿಗೆ ಅವಳ ಎದುರು ಕೂತು, ಇನ್ನು ಮೇಲೆ ಚೋಟುಗೆ ಬೇರೆ ತಟ್ಟೆ, ಬೇರೆ ಲೋಟ, ಅವಳಿಗೆ ಕುಂಡೆ ತೊಳೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಪಕ್ಕದ ಮನೆಯ ಮಗನನ್ನು ಸ್ವಲ್ಪ ದಿನ ಕರೆದುಕೊಳ್ಳುವುದು ಬೇಡ ಎಂದು ನಿಧಾನವಾಗಿಯೇ ಹೇಳಿದಳು.

“ಅಂದ್ರೆ ನನ್ನ ಕೈ ಕೊಳಕು ಅಂತ. ಇದೇ ಕೈಯಲ್ಲಿ ಉಣ್ಣಿಸಿ ನಿನ್ನ ಗಂಡನ್ನ ಸಾಕಿದ್ದು ಕಣೇ.”

“ಅದು ಕಾಣ್ತಾ ಇದೆ ಅತ್ತೆ.”

ಇಬ್ಬರೂ ಆಮೇಲೆ ಮಾತು ಬಿಟ್ಟರು. ಉಪ್ಪು ಎಲ್ಲಿದೆ ಎಂದು ಅತ್ತಿಗೆ ಗೋಡೆಯನ್ನು ಕೇಳುವುದು, ಡಬ್ಬಿ ಎಲ್ಲಿದೆಯೋ ಅಲ್ಲೇ ಇದೆ ಎಂದು ಅಮ್ಮ ಒಲೆಗೆ ಹೇಳುವುದು. ನಡುವೆ ನಾನು. ಅಣ್ಣ ಊಟಕ್ಕೆ ಬಂದವನು ಎಲ್ಲರ ಮುಖ ನೋಡಿ ‘ಏನು’ ಎಂದು ಕೇಳಿ, ಉತ್ತರ ಬರುವ ಮೊದಲೇ ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋಗುತ್ತಿದ್ದ.

ಕೆಲವು ದಿನದಲ್ಲಿ ಬಡಗಿಯ ಮಗನಿಗೂ ಬಂತು. ಒಂದೇ ತಟ್ಟೆ, ಬಾರದೆ ಇರುತ್ತದೆಯೇ. ಬಡಗಿಯ ಹೆಂಡತಿ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದಳು. ನಿಮ್ಮ ರೋಗದ ಹಸುವಿನ ಹಾಲು ಕುಡಿಸಿ ನನ್ನ ಮಗನನ್ನೂ ಹಾಳು ಮಾಡಿದಿರಿ ಎಂದಳು. ಅವನಿಗೆ ನಿಂಬೆರಸ ಕೊಡಬೇಡ, ತಣ್ಣಗಿನ ಹಾಲು ಕೊಡು ಎಂದು ನಾನು ಕಿಟಕಿಯಿಂದ ಹೇಳಿದೆ. ಹಾಲು ಎಂದ ಕೂಡಲೇ ಅವಳು ಇನ್ನೂ ಜೋರಾದಳು. ಒಳ್ಳೆಯದು ಹೇಳುವುದಕ್ಕೂ ಒಂದು ಯೋಗ ಬೇಕು.

ಆವತ್ತು ಅಣ್ಣನಿಗೆ ರೇಗಿತು. ಅವನು ರೇಗುವುದು ಕಡಿಮೆ, ರೇಗಿದರೂ ಅರ್ಧವೇ. ಸಂಜೆ ದನದ ದಲ್ಲಾಳಿಯೊಬ್ಬನನ್ನು ಕರೆದುಕೊಂಡು ಬಂದು, ಹಸು ಎಂದ. ನೋಡಲಿಕ್ಕೋ ಮಾರಲಿಕ್ಕೋ ಅದನ್ನು ಹೇಳಲಿಲ್ಲ. ಅಮ್ಮನ ಮುಖ ಅಷ್ಟು ದಿನದಲ್ಲಿ ಮೊದಲ ಸಲ ಅರಳಿತು. ಅಪ್ಪ ಮೇಡಂನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತ. ದಲ್ಲಾಳಿ ಹಸುವಿನ ಸುತ್ತ ಒಂದು ಸುತ್ತು ಹಾಕಿ, ಪ್ರಾಣಿ ಚೆನ್ನಾಗಿದೆ, ಆದರೆ ಬೀದಿಯಲ್ಲಿ ಏನೇನೋ ಕೇಳಿದೆ, ದನದ ಡಾಕ್ಟರು ಬಂದು ನೋಡಿ ರೋಗವಿಲ್ಲ ಎಂದರೆ ಮಾತ್ರ ಕೊಳ್ಳುತ್ತೇನೆ ಎಂದ.

ಹಾಗಾಗಿ ದನದ ಡಾಕ್ಟರು ಬಂದರು. ರಬ್ಬರ್ ಬೂಟು ಹಾಕಿಕೊಂಡ ದಪ್ಪನೆಯ ಮನುಷ್ಯ. ಮೇಡಂನ ಬಾಯಿ, ಕೆಚ್ಚಲು, ಗೊರಸು ಎಲ್ಲ ನೋಡಿ, ಯಾಕೆ ಕರೆಸಿದಿರಿ, ಕಲ್ಲುಗುಂಡಿನ ಹಾಗಿದೆಯಲ್ಲ ಎಂದರು. ಅಪ್ಪ ಮೆತ್ತಗೆ, ಮೊಮ್ಮಗಳಿಗೆ ಕಾಲುಬಾಯಿ ಬಂದಿದೆ ಸಾರ್, ಹಸುವಿಗೆ ಬರದ ಹಾಗೆ ಒಂದು ಇಂಜೆಕ್ಷನ್ ಹಾಕಿಬಿಡಿ ಎಂದ.

ಡಾಕ್ಟರು ಅಪ್ಪನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಮೊಮ್ಮಗಳಿಗೆ ಗೊರಸಿದೆಯಾ?”

ಅವರು ನಕ್ಕು ನಕ್ಕು ಮೇಡಂನ ಬೆನ್ನಿಗೇ ಒರಗಿಕೊಂಡರು. ಆಮೇಲೆ ಬಿಡಿಸಿ ಹೇಳಿದರು. ದನದ್ದು ಕಾಲುಬಾಯಿ ಜ್ವರ, ಅದರ ವೈರಸ್ಸೇ ಬೇರೆ. ಮಕ್ಕಳದ್ದು ಕೈ ಕಾಲು ಬಾಯಿ ರೋಗ, ಅದು ಬೇರೆ. ಹಸುವಿನಿಂದ ಮಗುವಿಗೆ ಬಂದದ್ದಲ್ಲ, ಮಗುವಿನಿಂದ ಹಸುವಿಗೆ ಹೋಗುವುದೂ ಇಲ್ಲ, ಹೆಸರು ಹತ್ತಿರ ಹತ್ತಿರ, ಅಷ್ಟೇ. ನಿಮ್ಮ ಮಗುವಿನ ಡಾಕ್ಟರು ಸರಿಯಾಗಿ ಏನಂದಿದ್ದರು ಎಂದು ಕೇಳಿದರು.

ನಾವೆಲ್ಲ ತಿರುಗಿ ಅಣ್ಣನನ್ನು ನೋಡಿದೆವು. ಅವನು ಬಾಗಿಲಿಗೆ ಒರಗಿ ನಿಂತಿದ್ದ.

“ಕೈ ಅಂತಾನೂ ಅಂದಿದ್ರು,” ಎಂದ.

ಮತ್ತೆ ಅದನ್ನು ಯಾಕೋ ಬಿಟ್ಟೆ ಎಂದು ಅತ್ತಿಗೆ ಕೇಳಿದಳು. ಗಂಡನಿಗೆ ಬಹುವಚನ ಕೊಡುತ್ತಿದ್ದವಳು ಆ ಹೊತ್ತಿಗೆ ಅದನ್ನೂ ಬಿಟ್ಟಿದ್ದಳು.

“ಕೈಯಲ್ಲಿ ಒಂದೆರಡೇ ಇತ್ತಲ್ಲ. ಅದಕ್ಕೆ.”

ದೇವರೇ, ಅವನಿಗೆ ಆವತ್ತು ಏನು ಮಾಡಿದ್ದರೂ ಪಾಪ ಬರುತ್ತಿರಲಿಲ್ಲ. ಕೈಯಲ್ಲಿ ಗುಳ್ಳೆ ಕಡಿಮೆ ಇದೆ ಎಂದು ರೋಗದ ಹೆಸರಿನಿಂದಲೇ ಕೈ ತೆಗೆದುಹಾಕಿದ ಮಹಾನುಭಾವ. ಅದೊಂದು ಪದ ಅವನ ಬಾಯಿಂದ ಬಿದ್ದಿದ್ದರೆ ಬೀದಿಯವರು ಹಾಲು ಬಿಡುತ್ತಿರಲಿಲ್ಲ, ಮಗು ಒಣಗುತ್ತಿರಲಿಲ್ಲ, ಮನೆಯ ಹೆಂಗಸರು ಗೋಡೆಯ ಜೊತೆ ಮಾತಾಡುತ್ತಿರಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅಮ್ಮ ಈ ಸಲ ಅವನನ್ನು ವಹಿಸಿಕೊಂಡು ಬರಲಿಲ್ಲ. ಅಣ್ಣ ಕೇಳಿಸಿಕೊಂಡು, ತಾನೇ ದಲ್ಲಾಳಿಗೆ ಫೋನು ಮಾಡಿ, ‘ಬೇಡ’ ಎಂದು ಹೇಳಿ ಇಟ್ಟ. ಅದು ಮಾತ್ರ ಅವನಿಗೆ ಪೂರ್ತಿಯಾಗಿ ಅರ್ಥವಾಗಿತ್ತು.

ದನದ ಡಾಕ್ಟರ ಮಾತು ಬೀದಿಗೆಲ್ಲ ಹಬ್ಬಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಪಾತ್ರೆ ಹಿಡಿದು ಗೇಟಿಗೆ ಬರತೊಡಗಿದರು. ಬಡಗಿಯ ಹೆಂಡತಿ ಮಾತ್ರ ಗಂಡನ ಕೈಯಲ್ಲಿ ಪಾತ್ರೆ ಕೊಟ್ಟು ಕಳಿಸಿ, ತಾನು ಒಳಗೇ ಇದ್ದಳು. ಅಮ್ಮ ಹಸುವನ್ನು ಬೈಯುವುದನ್ನು ಬಿಡಲಿಲ್ಲ, ಸಗಣಿಯ ಕಾರಣಕ್ಕೆ ಬೈಯುವುದಕ್ಕೆ ಹಿಂದಿರುಗಿದಳು ಅಷ್ಟೇ. ಅಪ್ಪನೊಂದಿಗೆ ಇನ್ನೂ ರಾಜಿಯಾಗದೆ ಉಳಿದವಳು ಚೋಟು ಒಬ್ಬಳೇ. ಅವಳ ಗುಳ್ಳೆಗಳು ಒಣಗಿ ಸಿಪ್ಪೆ ಎದ್ದು ಹೋಗಿದ್ದವು. ಮಾತು ಹಿಂದಿನಂತೆಯೇ ಧಾರಾಳವಾಗಿ ಬಂದಿತ್ತು, ತಾತನ ಜೊತೆ ಬಿಟ್ಟು ಉಳಿದೆಲ್ಲರ ಜೊತೆ.

ದನದ ಡಾಕ್ಟರು ಹೋದ ದಿನವೇ ಅಪ್ಪ ಹಗ್ಗ ಬಿಚ್ಚಿದ್ದ. ಚೋಟು ಹಿತ್ತಿಲ ಕಡೆ ಹೋಗಲಿಲ್ಲ. ಅವನು ಮೇಡಂ ಕರೆಯುತ್ತಿದ್ದಾಳೆ ನೋಡು ಎಂದ, ಹೋಗಲಿಲ್ಲ. ಬಿಸ್ಕತ್ತು ತಂದ, ನನ್ನ ಮೂಲಕ ತರಿಸಿಕೊಂಡು ತಿಂದಳು. ಮೂರ್ನಾಲ್ಕು ವಾರ ಹೀಗೇ ಹೋಯಿತು. ನಡುವೆ ಅವಳ ಎರಡು ಉಗುರು ಸಡಿಲವಾಗಿ ಕಿತ್ತು ಬಂದವು. ಅಮ್ಮ ಮತ್ತೆ ಹೌಹಾರಿದಳು. ಈ ರೋಗದ ಬೆನ್ನಿಗೆ ಹೀಗಾಗುವುದುಂಟು, ಹೊಸ ಉಗುರು ಬರುತ್ತದೆ, ಏನೂ ಮಾಡಬೇಡಿ ಎಂದು ಡಾಕ್ಟರಮ್ಮ ಫೋನಿನಲ್ಲೇ ಹೇಳಿದರು. ಈ ಸಲ ಫೋನು ಮಾಡಿದ್ದು ಅಮ್ಮನೇ. ಡಾಕ್ಟರಮ್ಮ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಅತ್ತಿಗೆಗೆ ಒಪ್ಪಿಸಿದಳು. ಇಬ್ಬರಿಗೂ ಅದರಿಂದ ಮಾತು ಶುರುವಾಯಿತು.

ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲಿದ್ದೆವು. ಚೋಟು ತನ್ನ ಹೊಸ ತಟ್ಟೆ ಮುಂದಿಟ್ಟುಕೊಂಡು ಬಾಳೆಹಣ್ಣು ಕಿವುಚುತ್ತಿದ್ದಳು. ಅಪ್ಪ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಒಳಗೆ ಬಂದ. ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಬಾ ಎನ್ನಲಿಲ್ಲ, ಎರಡು ಕೈ ಮುಂದಕ್ಕೆ ಚಾಚಿದ.

ಚೋಟು ಎದ್ದಳು. ಬಾಳೆಹಣ್ಣು ಮೆತ್ತಿದ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಅತ್ತಿಗೆಯ ಕಾಲಿಗೆ ಒರಗಿದಳು.

“ಮುಟ್ಬೇಡ ತಾತ. ಮೇಡಂಗೆ ಬರುತ್ತೆ.”

ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಅವಳ ಮಟ್ಟಿಗೆ ಅದು ಮನೆಯ ನಿಯಮ, ತಾತ ಮರೆತಿದ್ದಾನೆ, ನೆನಪಿಸಬೇಕು. ಅಪ್ಪನಿಗೆ ಅದು ಸಿಟ್ಟಿಗಿಂತ ಜೋರಾಗಿ ತಾಗಿತು. ಅವನು ತಡವರಿಸುತ್ತಾ ಎಲ್ಲವನ್ನೂ ಹೇಳಿದ. ಮೇಡಂಗೆ ಬರುವುದಿಲ್ಲ, ಯಾವತ್ತೂ ಬರುತ್ತಿರಲಿಲ್ಲ, ಹಸುವಿನದು ಬೇರೆ, ಮಕ್ಕಳದು ಬೇರೆ, ದೊಡ್ಡ ಡಾಕ್ಟರು ಬಂದು ಹೇಳಿ ಹೋದರು, ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ ಎಂದ. ಅವಳು ತಲೆ ಒಂದು ಕಡೆಗೆ ವಾಲಿಸಿಕೊಂಡು ಪೂರ್ತಿ ಕೇಳಿದಳು.

“ಮತ್ತೆ ನೀನ್ಯಾಕೆ ಬರುತ್ತೆ ಅಂದೆ?”

ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಅಣ್ಣನನ್ನು ನೋಡಿದಳು. ಅಣ್ಣ ಏನೋ ಹೇಳಲು ಬಾಯಿ ತೆರೆದ, ನಾನು ದಮ್ಮಯ್ಯ ಬೇಡ ಎಂದು ಕೈಸನ್ನೆ ಮಾಡಿದೆ.

“ಹೇಳಿ ಮಾವ,” ಎಂದಳು ಅತ್ತಿಗೆ. “ಕೇಳ್ತಿದ್ದಾಳಲ್ಲ.”

ಅಪ್ಪ ಚಾಚಿದ ಕೈಗಳನ್ನು ನಿಧಾನವಾಗಿ ಮೊಣಕಾಲ ಮೇಲಿಟ್ಟುಕೊಂಡ.

“ನಂಗೆ ಹೆದರಿಕೆ ಆಗಿತ್ತು ಪುಟ್ಟಾ.”

“ನಂಗೂ ಆಗಿತ್ತು,” ಎಂದಳು ಚೋಟು. ಕೈ ಮಾತ್ರ ಬೆನ್ನ ಹಿಂದಿನಿಂದ ತೆಗೆಯಲಿಲ್ಲ.